ಸಪಾಟು ರಸ್ತೆಯಲ್ಲಿ ಸರಿ, ಏರಿನಲ್ಲಿ ಗಾಡಿ ಆಫ್: ಕ್ಲಚ್ ಕಲಿಯೋದು ಹೇಗೆ?

ರಾಯಚೂರಬಿಸಿಲು (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ನನಗೆ 34 ವರ್ಷ. ಹೋದ ವರ್ಷ ರಾಯಚೂರಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ 20 ಕ್ಲಾಸ್ ಮುಗಿಸಿದೆ. ಟೆಸ್ಟ್ ಒಂದೇ ಸಲಕ್ಕೆ ಪಾಸ್. ಡಿಎಲ್ ಬಂತು, ಮನೆಯಲ್ಲಿ ಸಿಹಿ ಹಂಚಿದ್ದೂ ಆಯಿತು. ಆಮೇಲೆ ಮಂಗಳೂರಿಗೆ ವರ್ಗವಾಯಿತು. ಸೆಕೆಂಡ್ ಹ್ಯಾಂಡಲ್ಲಿ ಒಂದು 800 ಸಿಸಿ ಪೆಟ್ರೋಲ್ ಕಾರು ತಗೊಂಡೆ. ಕಷ್ಟ ಶುರುವಾಗಿದ್ದು ಅಲ್ಲಿಂದ.

ನಾನು ಕಲಿತ ಕಡೆ ಏರು ಅಂದರೆ ಒಂದು ರೈಲ್ವೆ ಮೇಲ್ಸೇತುವೆ, ಅಷ್ಟೇ. ಇಲ್ಲಿ ಮನೆಯ ಗೇಟಿನಿಂದಲೇ ಏರು. ಮೊನ್ನೆ ಗುರುವಾರ ಸಂಜೆ ಹಂಪನಕಟ್ಟೆಯಿಂದ ಬಾವುಟಗುಡ್ಡೆ ಕಡೆ ಹತ್ತುತ್ತಿದ್ದೆ. ಮುಂದಿನ ಬಸ್ ನಿಂತಿತು, ನಾನೂ ನಿಂತೆ. ಬಸ್ ಹೊರಟಿತು. ನಾನು ಬ್ರೇಕ್ ಬಿಟ್ಟ ಕೂಡಲೇ ಗಾಡಿ ಹಿಂದೆ ಜಾರಿತು. ಗಾಬರಿಯಲ್ಲಿ ಕ್ಲಚ್ ಬಿಟ್ಟೆ, ಆಫ್. ಮತ್ತೆ ಸ್ಟಾರ್ಟ್, ಮತ್ತೆ ಆಫ್. ನಾಲ್ಕು ಸಲ. ಐದನೇ ಸಲ ಎಕ್ಸಲೇಟರ್ ಎಷ್ಟು ಒತ್ತಿದೆ ಅಂದರೆ ಗಾಡಿ ಕಿರುಚಿಕೊಂಡು ಮೇಲೆ ಹೋಯಿತು, ಒಳಗೆಲ್ಲ ಸುಟ್ಟ ವಾಸನೆ. ಹಿಂದೆ ಸ್ಕೂಟರಿನಲ್ಲಿದ್ದ ಅಜ್ಜ ಒಬ್ಬರು ಪಕ್ಕಕ್ಕೆ ಬಂದು ಕಿಟಕಿ ತಟ್ಟಿ, "ಹ್ಯಾಂಡ್ ಬ್ರೇಕ್ ಉಂಟಲ್ಲ ಮಾರಾಯ್ತಿ" ಅಂದರು.

ಅವತ್ತಿನಿಂದ ಕಾರು ಹೊರಗೆ ತೆಗೆದಿಲ್ಲ. 20 ಕ್ಲಾಸಲ್ಲಿ ಒಂದು ಸಲವೂ ಹೀಗೆ ಆಫ್ ಆಗಿರಲಿಲ್ಲ. ಈಗ ಯಾಕೆ ಹೀಗೆ? ಗಾಡಿಯಲ್ಲಿ ದೋಷವಾ, ನನ್ನಲ್ಲಾ?

ಆಟೋಮ್ಯಾಟಿಕ್_ಸಾಕು (ಭಾನುವಾರ ರಾತ್ರಿ)

ಮಾರಿಬಿಡಿ, ಆಟೋಮ್ಯಾಟಿಕ್ ತಗೊಳ್ಳಿ. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನೇ ಬದಲಾಗುವ ಕಾರು) ಬಂದಾಗಿನಿಂದ ನಮ್ಮಲ್ಲಿ ಸಣ್ಣ ಕಾರಿಗೂ ಆಟೋಮ್ಯಾಟಿಕ್ ಸುಲಭವಾಗಿ ಸಿಗುತ್ತೆ. ಎಡಗಾಲಿಗೆ ಯಾಕೆ ಶಿಕ್ಷೆ?

ಗ್ರೀಸ್‌ಕೈ (ಭಾನುವಾರ ರಾತ್ರಿ)

ಅವರು ಕೇಳಿದ್ದು ಕಾರು ಮಾರೋದು ಹೇಗೆ ಅಂತ ಅಲ್ಲ.

ರಾಯಚೂರಬಿಸಿಲು ಅವರೇ, ಮೊದಲು ಒಂದು ಪ್ರಶ್ನೆ. ಕ್ಲಾಸ್ ನಡೆಯುವಾಗ ಮೇಷ್ಟ್ರ ಕಾಲು ಎಲ್ಲಿತ್ತು?

ರಾಯಚೂರಬಿಸಿಲು (ಭಾನುವಾರ ರಾತ್ರಿ)

ಕೆಳಗೆ ನೋಡಿದವಳೇ ಅಲ್ಲ. ನೋಡಿದರೆ ಬೈಯುತ್ತಿದ್ದರು, ರಸ್ತೆ ನೋಡಮ್ಮ ಅಂತ. ಅವರ ಕಡೆಗೂ ಪೆಡಲ್ ಇತ್ತು, ಅದು ಗೊತ್ತು.

ಗ್ರೀಸ್‌ಕೈ (ಭಾನುವಾರ ರಾತ್ರಿ)

ಅಲ್ಲಿದೆ ನೋಡಿ ವಿಷಯ. ನಾನು 22 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ, ಸ್ಕೂಲ್ ಗಾಡಿಗಳೂ ರಿಪೇರಿಗೆ ಬರುತ್ತವೆ. ಮೇಷ್ಟ್ರ ಕಡೆ ಕ್ಲಚ್, ಬ್ರೇಕ್ ಎರಡೂ ಇರುತ್ತೆ. ಅಪಾಯ ಬಂದಾಗ ಮಾತ್ರ ತುಳಿಯಲಿ ಅಂತ ಕೊಟ್ಟಿದ್ದು. ಆದರೆ ದಿನಕ್ಕೆ ಹದಿನೈದು ಜನ ಕಲಿಯುವ ಗಾಡಿ ಪ್ರತಿ ಸಲ ಆಫ್ ಆದರೆ ಟ್ರಾಫಿಕ್ ನಿಲ್ಲುತ್ತೆ, ಕ್ಲಚ್ ಪ್ಲೇಟ್ ಹೋಗುತ್ತೆ. ಅದಕ್ಕೆ ಎಷ್ಟೋ ಮೇಷ್ಟ್ರುಗಳು ಸದ್ದಿಲ್ಲದೆ ತಮ್ಮ ಕಾಲಲ್ಲೇ ಕ್ಲಚ್ ಸಂಭಾಳಿಸುತ್ತಾರೆ. ನೀವು ಸ್ಟೇರಿಂಗ್ ಹಿಡಿದು ಖುಷಿಯಾಗಿರುತ್ತೀರಿ. 20 ಕ್ಲಾಸ್ ಕಲಿತಿದ್ದು ನಿಮ್ಮ ಕೈ. ನಿಮ್ಮ ಎಡಗಾಲು ಇನ್ನೂ ಮೊದಲ ಕ್ಲಾಸಿಗೇ ಹೋಗಿಲ್ಲ. ದೋಷ ಗಾಡಿಯದ್ದೂ ಅಲ್ಲ, ನಿಮ್ಮದೂ ಅಲ್ಲ.

ಕ್ಲಚ್ ಅಂದರೆ ಏನು ಅಂತ ಒಂದು ಸಲ ತಲೆಗೆ ಹೋದರೆ ಅರ್ಧ ಕೆಲಸ ಆದಂತೆ. ಎರಡು ತಟ್ಟೆ ಅಂದುಕೊಳ್ಳಿ. ಒಂದು ಎಂಜಿನ್ ಜೊತೆ ಸದಾ ತಿರುಗುವ ಫ್ಲೈವೀಲ್. ಇನ್ನೊಂದು ಗೇರ್ ಬಾಕ್ಸಿಗೆ ಸೇರಿದ ಕ್ಲಚ್ ಪ್ಲೇಟ್. ಗಟ್ಟಿ ಸ್ಪ್ರಿಂಗ್ ಒಂದು ಇವೆರಡನ್ನೂ ಒತ್ತಿ ಹಿಡಿದಿರುತ್ತೆ. ನೀವು ಪೆಡಲ್ ತುಳಿದಾಗ ಆ ಹಿಡಿತ ಬಿಡುತ್ತೆ, ಎರಡೂ ಬೇರೆ ಆಗುತ್ತವೆ. ಗಾಡಿ ನಿಂತಿದ್ದಾಗ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತೆ, ಚಕ್ರ ಸೊನ್ನೆ. ತಟಕ್ಕನೆ ಸೇರಿಸಿದರೆ ನಿಂತ ಚಕ್ರ ಎಂಜಿನ್ನನ್ನೂ ನಿಲ್ಲಿಸಿಬಿಡುತ್ತೆ. ಅದೇ ಆಫ್ ಆಗೋದು. ನಿಧಾನಕ್ಕೆ ಬಿಟ್ಟರೆ ತಟ್ಟೆಗಳು ಸ್ವಲ್ಪ ಹೊತ್ತು ಒಂದರ ಮೇಲೊಂದು ಜಾರುತ್ತಾ, ಉಜ್ಜುತ್ತಾ, ಕೊನೆಗೆ ಜೊತೆಯಾಗಿ ತಿರುಗುತ್ತವೆ. ಆ ಜಾರುವ ಜಾಗವೇ ಹಾಫ್ ಕ್ಲಚ್. ಪೆಡಲಿನ ಇಡೀ ದಾರಿಯಲ್ಲಿ ಅದು ಒಂದು ಇಂಚು ಇರಬಹುದು, ಅಷ್ಟೇ. ಕಲಿಯಬೇಕಾಗಿರೋದು ಆ ಒಂದು ಇಂಚನ್ನು.

ನಾಳೆ ಬೆಳಿಗ್ಗೆ ಏರಿಗೆ ಹೋಗಬೇಡಿ. ಖಾಲಿ ಮೈದಾನಕ್ಕೆ ಹೋಗಿ, ಜೊತೆಗೆ ಗಾಡಿ ಬಲ್ಲವರು ಯಾರಾದರೂ ಇರಲಿ. ಎಸಿ ಆಫ್, ರೇಡಿಯೋ ಆಫ್, ಕಿಟಕಿ ಇಳಿಸಿ. ಬಲಗಾಲು ಬ್ರೇಕ್ ಮೇಲೆ, ಕ್ಲಚ್ ಪೂರ್ತಿ ತುಳಿದು ಮೊದಲ ಗೇರ್. ಈಗ ಬ್ರೇಕ್ ಬಿಡಿ, ಆದರೆ ಎಕ್ಸಲೇಟರ್ ಮುಟ್ಟಲೇಬೇಡಿ. ಬರೀ ಕ್ಲಚ್ಚನ್ನು ಬಹಳ ನಿಧಾನಕ್ಕೆ ಬಿಡುತ್ತಾ ಬನ್ನಿ. ಹಿಮ್ಮಡಿ ನೆಲದ ಮೇಲಿರಲಿ, ಪಾದ ಮಾತ್ರ ಏಳಲಿ. ಒಂದು ಜಾಗದಲ್ಲಿ ಎಂಜಿನ್ ದನಿ ಸ್ವಲ್ಪ ಇಳಿಯುತ್ತೆ, ಸ್ಟೇರಿಂಗ್ ಸಣ್ಣಗೆ ನಡುಗುತ್ತೆ, ಗಾಡಿ ತೆವಳುತ್ತೆ. ಅಲ್ಲೇ ಪಾದ ನಿಲ್ಲಿಸಿ. ಎರಡು ಸೆಕೆಂಡ್. ಗಾಡಿ ಹೊರಟ ಮೇಲೆ ಪೂರ್ತಿ ಬಿಡಿ. ಮತ್ತೆ ಕ್ಲಚ್, ಬ್ರೇಕ್, ನಿಲ್ಲಿಸಿ. ಹೀಗೆ ಐವತ್ತು ಸಲ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಭಾರ ಬಿದ್ದರೆ ಕಂಪ್ಯೂಟರ್ ತಾನೇ ಸ್ವಲ್ಪ ಪೆಟ್ರೋಲ್ ಜಾಸ್ತಿ ಕೊಟ್ಟು ಎಂಜಿನ್ ಉಳಿಸುತ್ತೆ. ಹಾಗಾಗಿ ಸಪಾಟು ನೆಲದಲ್ಲಿ ಎಕ್ಸಲೇಟರ್ ಇಲ್ಲದೆಯೇ ಗಾಡಿ ಹೊರಡಿಸಬಹುದು.

ಐವತ್ತು ಸಲ ಅಂದಿದ್ದೇನೆ, ಐದು ಅಲ್ಲ.

ನಲವತ್ತಾರರ_ಕಲಿಕೆ (ಸೋಮವಾರ ಬೆಳಿಗ್ಗೆ)

ಗ್ರೀಸ್‌ಕೈ ಹೇಳಿದ್ದು ನೂರಕ್ಕೆ ನೂರು. ನಾನು 46ನೇ ವಯಸ್ಸಿಗೆ ಕಲಿತವಳು. ಮಕ್ಕಳು ನಗುತ್ತಿದ್ದರು. ನನಗೂ ಮೊದಲ ದಿನ ಸ್ವಂತ ಕಾರಿನಲ್ಲಿ ಗೇಟ್ ದಾಟಲು ಆಗಲಿಲ್ಲ. ಕಾರು ಕಪ್ಪೆ ಥರ ಎಗರಿ ಎಗರಿ ತುಳಸಿಕಟ್ಟೆಗೆ ಒಂದು ಗೇಣು ಉಳಿಸಿ ನಿಂತಿತು.

ನನಗೆ ಸಹಾಯ ಆಗಿದ್ದು ಎರಡೇ ಎರಡು. ಒಂದು, ದಪ್ಪ ಸೋಲ್ ಚಪ್ಪಲಿ ಬಿಟ್ಟು ತೆಳ್ಳನೆ ಕ್ಯಾನ್ವಾಸ್ ಶೂ ಹಾಕಿದ್ದು. ಹಾಫ್ ಕ್ಲಚ್ ಪಾದಕ್ಕೆ ಗೊತ್ತಾಗಬೇಕು, ಕಣ್ಣಿಗಲ್ಲ. ಎರಡು, ಸೀಟ್ ಮುಂದೆ ಎಳೆದುಕೊಂಡಿದ್ದು. ಕ್ಲಚ್ ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ನಾನು ಅಷ್ಟು ದಿನ ಕಾಲು ಚಾಚಿ ತುದಿಬೆರಳಲ್ಲಿ ತುಳಿಯುತ್ತಿದ್ದೆ, ಯಾರೂ ಹೇಳಿರಲಿಲ್ಲ. ಸ್ಕೂಲ್ ಕಾರಿನ ಸೀಟು ತುಕ್ಕು ಹಿಡಿದು ಒಂದೇ ಕಡೆ ಕೂತಿತ್ತು!

ಬುಲೆಟ್‌ಬಸ್ಯಾ (ಸೋಮವಾರ ಬೆಳಿಗ್ಗೆ)

ಬೈಕ್ ಓಡಿಸಿ ಗೊತ್ತಿದ್ದರೆ ಇದೆಲ್ಲ ಬೇಕಾಗೋದೇ ಇಲ್ಲ. ನಾನು ಮೊದಲ ದಿನವೇ ಕಾರು ಏರಿನಲ್ಲಿ ಹಾಫ್ ಕ್ಲಚ್ಚಲ್ಲಿ ನಿಲ್ಲಿಸಿದ್ದೆ. ಬ್ರೇಕೂ ಇಲ್ಲ, ಹ್ಯಾಂಡ್ ಬ್ರೇಕೂ ಇಲ್ಲ. ಸುಮ್ನೆ ಕ್ಲಚ್ ಮೇಲೆ ಗಾಡಿ ಹಿಡಿದುಕೊಳ್ಳೋದು. ಅದೇ ನಿಜವಾದ ಕಂಟ್ರೋಲ್.

ಗ್ರೀಸ್‌ಕೈ (ಸೋಮವಾರ ಮಧ್ಯಾಹ್ನ)

ಬಸ್ಯಾ, ನಿಮ್ಮಂಥವರಿಂದಲೇ ನನ್ನ ಗ್ಯಾರೇಜ್ ನಡೆಯುತ್ತಿರೋದು. ಥ್ಯಾಂಕ್ಸ್.

ತಮಾಷೆ ಬಿಡಿ. ನಮ್ಮಲ್ಲಿನ ಹೆಚ್ಚಿನ ಬೈಕುಗಳ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತೆ, ಒಂದಲ್ಲ, ನಾಲ್ಕಾರು ಪ್ಲೇಟ್ ಇರುತ್ತೆ. ಜಾರಿಸಿದರೂ ಬಿಸಿಯನ್ನು ಎಣ್ಣೆ ಹೊತ್ತುಕೊಂಡು ಹೋಗುತ್ತೆ. ಕಾರಿನ ಕ್ಲಚ್ ಒಣ ಕ್ಲಚ್, ಒಂದೇ ಪ್ಲೇಟ್. ಏರಿನಲ್ಲಿ ಅರ್ಧ ನಿಮಿಷ ಕ್ಲಚ್ ಮೇಲೆ ಹಿಡಿದರೆ ಆ ಬಿಸಿ ಹೋಗಲು ದಾರಿಯೇ ಇಲ್ಲ. ರಾಯಚೂರಬಿಸಿಲು ಅವರಿಗೆ ಬಂದ ಸುಟ್ಟ ವಾಸನೆ ಅದೇ. ಬೈಕಿನವರಿಗೆ ಹಾಫ್ ಕ್ಲಚ್ ಬೇಗ ಅರ್ಥ ಆಗುತ್ತೆ, ಒಪ್ಪುತ್ತೇನೆ. ಆದರೆ ಅದನ್ನು ಬಿಡೋದು ಅವರಿಗೆ ಬೇಗ ಬರೋದಿಲ್ಲ.

ಒಂದು ಸಲ ವಾಸನೆ ಬಂದರೆ ಪ್ಲೇಟ್ ಹೋಯಿತು ಅಂತ ಅಲ್ಲ, ಹೆದರಬೇಡಿ. ಪಕ್ಕಕ್ಕೆ ನಿಲ್ಲಿಸಿ ಆರಲು ಬಿಟ್ಟರೆ ಸಾಕು. ಆದರೆ ಎಕ್ಸಲೇಟರ್ ಕೊಟ್ಟಾಗ ಎಂಜಿನ್ ಮಾತ್ರ ಕೂಗಿ ಗಾಡಿ ಓಡದಿದ್ದರೆ ಅದು ಸವೆದಿದೆ ಅಂತ ಅರ್ಥ. ಪರೀಕ್ಷೆಯೂ ಸುಲಭ. ಸಪಾಟಿನಲ್ಲಿ ನಿಲ್ಲಿಸಿ, ಮುಂದೆ ಯಾರೂ ಇಲ್ಲದ ಕಡೆ, ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು, ಬ್ರೇಕ್ ಮೇಲೂ ಕಾಲಿಟ್ಟು, ನಾಲ್ಕನೇ ಗೇರ್ ಹಾಕಿ ಕ್ಲಚ್ ಬಿಡಿ. ಗಾಡಿ ತಕ್ಷಣ ಆಫ್ ಆದರೆ ಕ್ಲಚ್ ಚೆನ್ನಾಗಿದೆ. ಆಫ್ ಆಗದೆ ಗುಂಯ್ ಅಂತ ತಿರುಗುತ್ತಲೇ ಇದ್ದರೆ ಗ್ಯಾರೇಜಿಗೆ ಹೋಗಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಇದನ್ನು ಕೊಳ್ಳುವ ಮೊದಲೇ ಮಾಡಬೇಕು. ದಿನಾ ಮಾಡುವ ಆಟ ಅಲ್ಲ, ಒಂದು ಸಲ ಸಾಕು.

ಶಿರಾಡಿ_ನಿವೃತ್ತ (ಸೋಮವಾರ ಸಂಜೆ)

ನಾನು ಸರ್ಕಾರಿ ಬಸ್ ಓಡಿಸಿ ನಿವೃತ್ತನಾದವನು. ಮೊಮ್ಮಗ ಈ ಚರ್ಚೆ ತೋರಿಸಿದ. ಟೈಪಿಂಗ್ ಅವನದು, ಮಾತು ನನ್ನದು.

ನಾವು ಕಲಿತ ಕಾಲದ ಲಾರಿಗಳಲ್ಲಿ ಗೇರು ಈಗಿನ ಹಾಗೆ ಬೆಣ್ಣೆಯಲ್ಲಿ ಚಾಕು ಇಟ್ಟಂತೆ ಬೀಳುತ್ತಿರಲಿಲ್ಲ. ಡಬಲ್ ಕ್ಲಚ್ ಹೊಡೆಯಬೇಕಿತ್ತು. ಕ್ಲಚ್ ತುಳಿದು ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ಏಟು ಎಕ್ಸಲೇಟರ್, ಮತ್ತೆ ಕ್ಲಚ್ ತುಳಿದು ಕೆಳಗಿನ ಗೇರ್. ಒಳಗೆ ಎರಡು ಹಲ್ಲುಗಾಲಿಗಳ ವೇಗ ಸಮ ಮಾಡುವ ಕೆಲಸ ಅದು. ವೇಗ ಸಮ ಆಗದಿದ್ದರೆ ಕರ್ರ್ ಅಂತ ಸದ್ದು ಬರುತ್ತಿತ್ತು, ಹಿಂದಿನ ಸೀಟಿನವರಿಗೂ ಕೇಳುವಷ್ಟು. ಗುರುಗಳು ಒಂದು ಮಾತೂ ಆಡದೆ ತಲೆಗೆ ಮೊಟಕುತ್ತಿದ್ದರು. ಈಗ ಆ ಕೆಲಸವನ್ನು ಗೇರ್ ಬಾಕ್ಸಿನೊಳಗಿನ ಸಿಂಕ್ರೊಮೆಶ್ ರಿಂಗ್ ಮಾಡುತ್ತದೆ. ಹಾಗಾಗಿ ತಂಗೀ, ನಿನ್ನ ಕೆಲಸ ನಮ್ಮದರ ಅರ್ಧ ಮಾತ್ರ. ಧೈರ್ಯವಾಗಿರು.

ಏರಿನಲ್ಲಿ ಹ್ಯಾಂಡ್ ಬ್ರೇಕ್ ಬಳಸುವುದು ನಾಚಿಕೆ ಅಲ್ಲ. ಸ್ಕೂಟರ್ ಅಜ್ಜ ಸರಿಯಾಗಿಯೇ ಹೇಳಿದ್ದಾರೆ. ನಿಂತ ಕೂಡಲೇ ಹ್ಯಾಂಡ್ ಬ್ರೇಕ್ ಎಳೆ. ಈಗ ಗಾಡಿ ಎಲ್ಲಿಗೂ ಹೋಗುವುದಿಲ್ಲ, ಎರಡೂ ಕಾಲು ನಿನ್ನವು. ಮೊದಲ ಗೇರ್ ಹಾಕು. ಸ್ವಲ್ಪ ಎಕ್ಸಲೇಟರ್ ಕೊಡು, ದನಿ ಒಂದು ಪಟ್ಟು ಏರಲಿ. ಕ್ಲಚ್ ನಿಧಾನ ಬಿಡು. ಬಾನೆಟ್ ತುದಿ ಒಂದು ಬೆರಳಷ್ಟು ಮೇಲೆ ಏಳುತ್ತದೆ, ಕಟ್ಟಿದ ಎತ್ತು ಹಗ್ಗ ಎಳೆದ ಹಾಗೆ. ಅದೇ ಸಮಯ. ಹ್ಯಾಂಡ್ ಬ್ರೇಕ್ ಗುಂಡಿ ಒತ್ತಿ ಇಳಿಸು. ಗಾಡಿ ಹಿಂದೆ ಬರುವುದಿಲ್ಲ. ಎಲ್ಲರೂ ಮಾಡುವ ತಪ್ಪು ಏನೆಂದರೆ ಬಾನೆಟ್ ಏಳುವ ಮೊದಲೇ ಬ್ರೇಕ್ ಇಳಿಸುವುದು. ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಹೊಡೆಯಲಿ.

ಲೆಸ್ಟರ್‌ವಾಸಿ (ಸೋಮವಾರ ರಾತ್ರಿ)

ಇಂಗ್ಲೆಂಡಿನಲ್ಲಿ ಇದನ್ನೇ ಕಲಿಸುತ್ತಾರೆ. ನಾನು ಊರಲ್ಲಿ ಹತ್ತು ವರ್ಷ ಓಡಿಸಿದವನು ಅಂತ ಜಂಬದಲ್ಲಿ ಹೋದೆ. ಇಲ್ಲಿನ ಟೀಚರ್ ಮೊದಲ ದಿನವೇ, ಸಿಗ್ನಲ್ಲಿನಲ್ಲಿ ನಿಂತಾಗ ಹ್ಯಾಂಡ್ ಬ್ರೇಕ್ ಯಾಕೆ ಎಳೆಯಲಿಲ್ಲ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ವಿಷಯ. ಇಲ್ಲಿ ಆಟೋಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಕೊಟ್ಟರೆ ಲೈಸೆನ್ಸ್ ಕೂಡ ಆಟೋಮ್ಯಾಟಿಕ್‌ಗೆ ಮಾತ್ರ. ಗೇರ್ ಕಾರು ಮುಟ್ಟುವ ಹಾಗಿಲ್ಲ. ಹಾಗಾಗಿ ಬಾಡಿಗೆ ಕಾರು ಸಿಗಬೇಕು ಅಂತಾದರೂ ಗೇರ್ ಕಲಿಯುತ್ತಾರೆ. ನಮ್ಮಲ್ಲಿ ಕಾರಿಗೆ ಹಾಗಿಲ್ಲ ಅಲ್ವಾ?

ಕುಡ್ಲದ_ಮಳೆ (ಸೋಮವಾರ ರಾತ್ರಿ)

ಇಲ್ಲ. ಸ್ಕೂಟರ್, ಬೈಕಿಗೆ ಮಾತ್ರ ಗೇರ್ ಇರುವುದು, ಇಲ್ಲದ್ದು ಅಂತ ಬೇರೆ ಬೇರೆ. ಕಾರಿಗೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಒಂದೇ. ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಕೊಟ್ಟು ಮಾರನೇ ದಿನ ಗೇರ್ ಕಾರು ಏರಬಹುದು. ಕಾನೂನು ಬಿಟ್ಟರೂ ಬಾವುಟಗುಡ್ಡೆ ಬಿಡೋದಿಲ್ಲ, ಅದು ಬೇರೆ ಮಾತು.

ನಾನು ಹುಟ್ಟಿದ್ದೇ ಮಂಗಳೂರು. ಇಲ್ಲಿ ಕಲಿತವರಿಗೆ ಏರು ಅಂದರೆ ಬೇರೆ ಪಾಠ ಅಲ್ಲ, ಅದೇ ಮೊದಲ ಪಾಠ. ಕದ್ರಿ ಕಡೆಯ ಒಳರಸ್ತೆಗಳಲ್ಲಿ ಬೆಳಿಗ್ಗೆ ಆರೂವರೆಗೆ ಹೋಗಿ, ಗಾಡಿ ಕಡಿಮೆ. ಮೊದಲು ಸಣ್ಣ ಇಳಿಜಾರು, ಆಮೇಲೆ ದೊಡ್ಡದು. ಮಳೆಗಾಲ ಬಂದ ಮೇಲೆ ಅಭ್ಯಾಸ ಶುರು ಮಾಡಬೇಡಿ. ಒದ್ದೆ ಚಪ್ಪಲಿ ಪೆಡಲ್ ಮೇಲೆ ಜಾರುತ್ತೆ, ಗಾಜಿಗೆ ಮಂಜು ಹಿಡಿಯುತ್ತೆ, ಅದನ್ನು ತೆಗೆಯಲು ಎಸಿ ಹಾಕಿದರೆ 800 ಸಿಸಿ ಎಂಜಿನ್ನಿಗೆ ಏರು ಇನ್ನೂ ಭಾರ.

ಅಡಿಕೆತೋಟ (ಮಂಗಳವಾರ)

ನಾನು ಹ್ಯಾಂಡ್ ಬ್ರೇಕ್ ಮುಟ್ಟೋದೇ ಇಲ್ಲ. ಬ್ರೇಕ್ ತುಳಿದಿರುವಾಗಲೇ ಕ್ಲಚ್ಚನ್ನು ಹಾಫ್‌ವರೆಗೆ ಬಿಡುತ್ತೇನೆ. ನಡುಕ ಬಂದ ಕೂಡಲೇ ಬಲಗಾಲು ಬ್ರೇಕಿನಿಂದ ಎಕ್ಸಲೇಟರಿಗೆ. ಆ ಅರೆಕ್ಷಣ ಗಾಡಿಯನ್ನು ಕ್ಲಚ್ ಹಿಡಿದಿರುತ್ತೆ. ಶಿರಸಿ ಕಡೆ ನಮ್ಮ ತೋಟದ ದಾರಿಯಲ್ಲಿ ಹ್ಯಾಂಡ್ ಬ್ರೇಕ್ ಎಳೆಯುತ್ತಾ ಕೂತರೆ ಮನೆ ಸೇರೋದು ಯಾವಾಗ?

ಗ್ರೀಸ್‌ಕೈ (ಮಂಗಳವಾರ)

ಇದೂ ಸರಿಯಾದ ವಿಧಾನವೇ. ಡೀಸೆಲ್ ಗಾಡಿಯಾದರೆ ಇನ್ನೂ ಸುಲಭ, ಕಡಿಮೆ ಸುತ್ತಿನಲ್ಲೇ ಎಳೆಯುವ ಶಕ್ತಿ ಇರುತ್ತೆ. ಆದರೆ ಹಾಫ್ ಕ್ಲಚ್ ಜಾಗ ಪಾದಕ್ಕೆ ಕಂಠಪಾಠ ಆದವರಿಗೆ ಮಾತ್ರ. ಹೊಸಬರಿಗೆ ಹ್ಯಾಂಡ್ ಬ್ರೇಕೇ ವಾಸಿ. ಹೊಸ ಕಾರುಗಳಲ್ಲಿ ಹಿಲ್ ಹೋಲ್ಡ್ ಅಂತ ಬರುತ್ತೆ, ಬ್ರೇಕ್ ಬಿಟ್ಟ ಮೇಲೂ ಎರಡು ಸೆಕೆಂಡಿನಷ್ಟು ಗಾಡಿ ಹಿಡಿದಿರುತ್ತೆ. ಅದಿದ್ದರೆ ನಿಮ್ಮ ವಿಧಾನ ಎಲ್ಲರಿಗೂ ಸುಲಭ.

ಎಲ್‌ಬೋರ್ಡ್_ಮೈಸೂರು (ಮಂಗಳವಾರ)

ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಬಂದು ವಾರ ಆಯಿತು. ಖಾಲಿ ರಸ್ತೆಯಲ್ಲಿ ಒಬ್ಬನೇ ಅಭ್ಯಾಸ ಮಾಡಬಹುದಾ? ಇನ್ನೊಂದು, ಎರಡನೇ ಗೇರಿನಿಂದ ಮೂರಕ್ಕೆ ಹಾಕಲು ಹೋದರೆ ನನಗೆ ಯಾವಾಗಲೂ ಒಂದಕ್ಕೆ ಬೀಳುತ್ತೆ. ಗಾಡಿ ಗಕ್ ಅಂತ ತಡೆಯುತ್ತೆ.

ಕುಡ್ಲದ_ಮಳೆ (ಮಂಗಳವಾರ)

ಒಬ್ಬರೇ ಬೇಡ. ಎಲ್‌ಎಲ್‌ಆರ್‌ನಲ್ಲಿ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಲೇಬೇಕು, ಗಾಡಿಯ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಇರಬೇಕು. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತೆ, 30 ದಿನ ಕಳೆದ ಮೇಲೆ ಟೆಸ್ಟ್ ಕೊಡಬಹುದು. 31ನೇ ದಿನವೇ ಓಡಬೇಕು ಅಂತ ಎಲ್ಲೂ ಇಲ್ಲ.

ಶಿರಾಡಿ_ನಿವೃತ್ತ (ಮಂಗಳವಾರ)

ಮೈಸೂರಿನವರೇ, ಗೇರ್ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದಾಡುತ್ತಿದ್ದೀರಿ ಅನಿಸುತ್ತದೆ. ಗಾಡಿ ನಿಂತಿರುವಾಗ, ಎಂಜಿನ್ ಆಫ್ ಇರುವಾಗ ಒಂದು ಕೆಲಸ ಮಾಡಿ. ಕ್ಲಚ್ ತುಳಿದು ಎರಡನೇ ಗೇರ್ ಹಾಕಿ. ಈಗ ನ್ಯೂಟ್ರಲಿಗೆ ತಳ್ಳಿ ಕೈ ಬಿಟ್ಟುಬಿಡಿ. ಕಡ್ಡಿ ತಾನಾಗಿ ಬಲಕ್ಕೆ ಸರಿದು ಮಧ್ಯದಲ್ಲಿ ನಿಲ್ಲುತ್ತದೆ, ಒಳಗೆ ಸ್ಪ್ರಿಂಗ್ ಇದೆ. ಆ ಮಧ್ಯ ಅಂದರೆ ಮೂರು, ನಾಲ್ಕರ ಗೆರೆ. ಅಲ್ಲಿಂದ ನೇರ ಮುಂದಕ್ಕೆ ತಳ್ಳಿದರೆ ಮೂರು. ನೀವು ಕೈ ಗಟ್ಟಿ ಹಿಡಿದು ಎಡಕ್ಕೇ ಒತ್ತುತ್ತಿರುವುದರಿಂದ ಒಂದಕ್ಕೆ ಹೋಗುತ್ತಿದೆ. ಅಂಗೈ ತೆರೆದು, ಬೆರಳುಗಳಿಂದ ತಳ್ಳಿ. ಹತ್ತು ನಿಮಿಷ ಕೂತು ಆಡಿದರೆ ಜೀವನಪೂರ್ತಿ ಸಾಕು.

ನಮ್ಮ ಕಾಲದ ಪದ್ಮಿನಿ, ಅಂಬಾಸಿಡರುಗಳಲ್ಲಿ ಗೇರ್ ಸ್ಟೇರಿಂಗ್ ಪಕ್ಕದಲ್ಲೇ ಇರುತ್ತಿತ್ತು. ಹ್ಯಾಂಡ್ ಗೇರ್ ಅನ್ನುತ್ತಿದ್ದೆವು. ಮುಂದೆ ಮೂರು ಜನ ಕೂರಬಹುದಿತ್ತು. ಅದರಲ್ಲಿ ಕಲಿತವರು ಮಾರುತಿ 800 ಬಂದಾಗ ಕೈ ಎಲ್ಲಿಡಬೇಕು ಅಂತ ತಿಳಿಯದೆ ಸ್ಟೇರಿಂಗ್ ಕೆಳಗೆ ತಡಕಾಡುತ್ತಿದ್ದರು. 

ನಲವತ್ತಾರರ_ಕಲಿಕೆ (ಮಂಗಳವಾರ)

ನಮ್ಮ ತಂದೆ! ಪಾಪ, ವೈಪರ್ ಹಾಕಿಬಿಡುತ್ತಿದ್ದರು.

ಬುಲೆಟ್‌ಬಸ್ಯಾ (ಬುಧವಾರ)

ಸರಿ ಸರಿ, ಒಣ ಕ್ಲಚ್ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಒಂದು ಟಿಪ್ ನನ್ನದೂ ಇರಲಿ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಬಿಡಿ, ಪೆಟ್ರೋಲ್ ಉಳಿಯುತ್ತೆ. ನಾನು ಯಾವಾಗಲೂ ಹಾಗೇ ಬರೋದು.

ಶಿರಾಡಿ_ನಿವೃತ್ತ (ಬುಧವಾರ)

ತಮ್ಮಾ, ಇದನ್ನು ಇಲ್ಲಿ ಓದಿದ ಯಾವ ಹೊಸಬರೂ ಮಾಡಬಾರದು. ಕೈ ಮುಗಿದು ಹೇಳುತ್ತೇನೆ.

ಶಿರಾಡಿ ಘಾಟಿಯಲ್ಲಿ ದೋಣಿಗಲ್ಲಿನಿಂದ ಗುಂಡ್ಯಕ್ಕೆ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬರುವ ಗಾಡಿಗಳನ್ನು ನಾನು ಲೆಕ್ಕ ಇಟ್ಟಿಲ್ಲ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದು ಎಳೆಯುತ್ತದೆ, ಬ್ರೇಕ್ ಮೇಲಿನ ಭಾರ ಕಡಿಮೆ. ನ್ಯೂಟ್ರಲಿನಲ್ಲಿ ಇಡೀ ಗಾಡಿ ಬ್ರೇಕ್ ಮೇಲೆಯೇ. ಬ್ರೇಕ್ ಕಾದಷ್ಟೂ ಹಿಡಿತ ಹೋಗುತ್ತದೆ. ತುಳಿದರೂ ನಿಲ್ಲುವುದಿಲ್ಲ. ಹಳೆಯ ಮಾತು ಒಂದಿದೆ, ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಅಂತ. ಈಗಿನ ಕಾರಿಗೂ ಅದು ಹೆಚ್ಚುಕಮ್ಮಿ ಸರಿ.

ಇನ್ನು ಕೆಲವರು ಎಂಜಿನ್ನನ್ನೇ ಆಫ್ ಮಾಡುತ್ತಾರೆ. ಆಫ್ ಮಾಡಿದ ಮೇಲೆ ಬ್ರೇಕಿಗೆ ಸಿಗುವ ಸಹಾಯ ಒಂದೆರಡು ಸಲ ತುಳಿದರೆ ಮುಗಿಯಿತು. ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೇರಿಂಗೂ ಹೋಗುತ್ತದೆ. ಕೀಲಿ ಪೂರ್ತಿ ತಿರುಗಿಸಿ ತೆಗೆದರೆ ಸ್ಟೇರಿಂಗ್ ಲಾಕ್. ಮುಂದೆ ತಿರುವು.

ಗ್ರೀಸ್‌ಕೈ (ಬುಧವಾರ)

ಪೆಟ್ರೋಲ್ ಲೆಕ್ಕವೂ ತಪ್ಪು ಬಸ್ಯಾ. ಇಂಜೆಕ್ಷನ್ ಗಾಡಿ ಗೇರಿನಲ್ಲಿದ್ದು ಎಕ್ಸಲೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರ್ ಇಂಧನವನ್ನೇ ನಿಲ್ಲಿಸುತ್ತೆ. ಚಕ್ರಗಳೇ ಎಂಜಿನ್ ತಿರುಗಿಸುತ್ತಿರುತ್ತವಲ್ಲ, ಪೆಟ್ರೋಲ್ ಯಾಕೆ ಬೇಕು? ನ್ಯೂಟ್ರಲ್ ಹಾಕಿದಿರಿ ಅನ್ನಿ, ಎಂಜಿನ್ ತಾನೇ ತಿರುಗಬೇಕು, ಆಗ ಪೆಟ್ರೋಲ್ ಸುಡುತ್ತೆ. ನಿಮ್ಮ ಟಿಪ್ ಕಾರ್ಬುರೇಟರ್ ಕಾಲದ್ದು, ಕಂಪ್ಯೂಟರ್ ಇಲ್ಲದ ಹಳೇ ಗಾಡಿಗಳದ್ದು.

ಬುಲೆಟ್‌ಬಸ್ಯಾ (ಬುಧವಾರ)

ಇವತ್ತಿಗೆ ನನ್ನ ಎರಡು ವಿಕೆಟ್ ಹೋಯಿತು. ಪೆವಿಲಿಯನ್‌ಗೆ ಹೋಗುತ್ತೇನೆ.

ರಾಯಚೂರಬಿಸಿಲು (ಮುಂದಿನ ಭಾನುವಾರ)

ವಾರದ ವರದಿ ಒಪ್ಪಿಸುತ್ತೇನೆ.

ಸೋಮವಾರ ಬೆಳಿಗ್ಗೆ ಸಹೋದ್ಯೋಗಿ ಒಬ್ಬರನ್ನು ಕೂರಿಸಿಕೊಂಡು ಮೈದಾನಕ್ಕೆ ಹೋದೆ. ಎಕ್ಸಲೇಟರ್ ಮುಟ್ಟದೆ ಕ್ಲಚ್ ಬಿಡೋದು. ಮೊದಲ ಹನ್ನೊಂದು ಸಲದಲ್ಲಿ ಒಂಬತ್ತು ಸಲ ಆಫ್. ಸಹೋದ್ಯೋಗಿ ಪೇಪರ್ ಓದಲು ಶುರು ಮಾಡಿದರು. ಹನ್ನೆರಡನೇ ಸಲ ಇರಬೇಕು, ದನಿ ಇಳಿಯೋದು ಕೇಳಿಸಿತು. ಅದುವರೆಗೂ ನಾನು ಎಂಜಿನ್ ದನಿ ಕೇಳಿಯೇ ಇರಲಿಲ್ಲ, ಬರೀ ಎದೆ ಬಡಿತ ಕೇಳುತ್ತಿದ್ದೆ. ಪಾದ ಅಲ್ಲೇ ನಿಲ್ಲಿಸಿದೆ. ಕಾರು ಇರುವೆ ಥರ ಹೊರಟಿತು. ನಾನು ಕೂಗಿಕೊಂಡಿದ್ದಕ್ಕೆ ಸಹೋದ್ಯೋಗಿ ಏನೋ ಗುದ್ದಿದೆ ಅಂದುಕೊಂಡರು.

ನನ್ನ ಕಾರಿನಲ್ಲಿ ಆ ಇಂಚು ಬಹಳ ಮೇಲಿದೆ. ಪೆಡಲ್ ಮುಕ್ಕಾಲು ಭಾಗ ಬಿಟ್ಟ ಮೇಲೆ ಬರುತ್ತೆ. ಸ್ಕೂಲ್ ಕಾರಿನಲ್ಲಿ ಕೆಳಗೇ ಇತ್ತು ಅಂತ ಮಂಕಾಗಿ ನೆನಪು. ಅಷ್ಟು ಕೆಳಗೇ ಕಾಯುತ್ತಾ, ಬೇಸರ ಬಂದು, ಕೊನೆಗೆ ಪಟ್ಟನೆ ಬಿಡುತ್ತಿದ್ದೆ ಅನಿಸುತ್ತೆ.

ಗ್ರೀಸ್‌ಕೈ (ಭಾನುವಾರ)

ಒಳ್ಳೇ ಗಮನ. ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಕ್ಲಚ್‌ಗೆ ಕೇಬಲ್ ಇರುತ್ತೆ. ಪ್ಲೇಟ್ ಸವೆದಂತೆಲ್ಲ ಹಾಫ್ ಕ್ಲಚ್ ಜಾಗ ಮೇಲೆ ಮೇಲೆ ಬರುತ್ತೆ. ಕೇಬಲಿನ ನಟ್ ತಿರುಗಿಸಿ ಸ್ವಲ್ಪ ಸರಿಮಾಡಬಹುದು, ಹತ್ತು ನಿಮಿಷದ ಕೆಲಸ. ನಾನು ಹೇಳಿದ ನಾಲ್ಕನೇ ಗೇರ್ ಪರೀಕ್ಷೆ ಮಾಡಿದಿರಾ?

ಇದಕ್ಕೇ ನಾನು ಎಲ್ಲರಿಗೂ ಹೇಳೋದು, ಬೇರೆಯವರ ಗಾಡಿ ಹತ್ತಿದ ಕೂಡಲೇ ರಸ್ತೆಗಿಳಿಯಬೇಡಿ. ಅಂಗಳದಲ್ಲೇ ನಾಲ್ಕು ಸಲ ಕ್ಲಚ್ ಬಿಟ್ಟು ಇಂಚು ಎಲ್ಲಿದೆ ಅಂತ ಹುಡುಕಿ. ರಿವರ್ಸ್ ಎಲ್ಲಿದೆ ಅಂತಲೂ ನೋಡಿ. ಕೆಲವು ಗಾಡಿಯಲ್ಲಿ ಬಲಗಡೆ ಕೆಳಗೆ, ಕೆಲವಲ್ಲಿ ಗೇರ್ ಕಡ್ಡಿಯ ಕಾಲರ್ (ಸುತ್ತಲಿನ ಬಳೆ) ಎತ್ತಿ ಎಡಗಡೆ ಮೇಲೆ, ಒಂದನೇ ಗೇರಿನ ಪಕ್ಕದಲ್ಲೇ. ಮುಂದೆ ಹೋಗುತ್ತೆ ಅಂದುಕೊಂಡಿದ್ದು ಹಿಂದೆ ಹೋದರೆ ಗೋಡೆ ಕೇಳೋದಿಲ್ಲ.

ರಾಯಚೂರಬಿಸಿಲು (ಭಾನುವಾರ)

ಮಾಡಿದೆ. ತಕ್ಷಣ ಆಫ್ ಆಯಿತು. ಜೀವನದಲ್ಲಿ ಮೊದಲ ಸಲ ಗಾಡಿ ಆಫ್ ಆಗಿದ್ದಕ್ಕೆ ಖುಷಿಪಟ್ಟೆ.

ಗುರುವಾರದಿಂದ ಕದ್ರಿ ಕಡೆ ಹ್ಯಾಂಡ್ ಬ್ರೇಕ್ ಅಭ್ಯಾಸ. ಹಿರಿಯರು ಹೇಳಿದ ಆ ಎತ್ತು ಹಗ್ಗ ಎಳೆಯುವ ಭಾವ ಮೊದಲ ಸಲಕ್ಕೇ ಸಿಕ್ಕಿತು. ನಿನ್ನೆ ಶನಿವಾರ ಸಂಜೆ, ಅದೇ ಹಂಪನಕಟ್ಟೆ, ಅದೇ ಏರು, ಮತ್ತೆ ಮುಂದೆ ಒಂದು ಬಸ್. ಬಸ್ ನಿಂತಿತು. ಹ್ಯಾಂಡ್ ಬ್ರೇಕ್ ಎಳೆದೆ. ಬಸ್ ಹೊರಟಿತು. ಹಿಂದೆ ಹಾರ್ನ್. ಬಾನೆಟ್ ಎದ್ದಿತು, ಬ್ರೇಕ್ ಇಳಿಸಿದೆ, ಹೋದೆ. ಮೇಲೆ ಹೋಗಿ ಸಿಗ್ನಲ್ಲಿನಲ್ಲಿ ನಿಂತು, ಸಪಾಟು ಜಾಗದಲ್ಲಿ, ಮೂರನೇ ಗೇರಿನಲ್ಲಿ ಹೊರಡಲು ಹೋಗಿ ಆಫ್ ಮಾಡಿದೆ. ಅದು ಬೇರೆ ಕಥೆ.

ಶಿರಾಡಿ_ನಿವೃತ್ತ (ಭಾನುವಾರ)

ಮೂರನೇ ಗೇರಿನಲ್ಲಿ ನಾನೂ ಒಂದು ಸಲ ಹೊರಟಿದ್ದೇನೆ, 52 ಪ್ರಯಾಣಿಕರ ಮುಂದೆ. ಮೊಮ್ಮಗ ಇದನ್ನು ಟೈಪ್ ಮಾಡಲ್ಲ ಅಂತಿದ್ದ.

ಎಲ್‌ಬೋರ್ಡ್_ಮೈಸೂರು (ಭಾನುವಾರ)

ಎರಡರಿಂದ ಮೂರು ಸರಿಯಾಯಿತು, ಥ್ಯಾಂಕ್ಸ್ ಸರ್. ಸಿಗ್ನಲ್ಲಿನಲ್ಲಿ ನಿಂತಾಗ ಕ್ಲಚ್ ತುಳಿದು ಒಂದನೇ ಗೇರಿನಲ್ಲೇ ಇರಬೇಕಾ, ನ್ಯೂಟ್ರಲ್ ಮಾಡಬೇಕಾ?

ಅಡಿಕೆತೋಟ (ಭಾನುವಾರ)

ಕೌಂಟರಿನಲ್ಲಿ ಹತ್ತು ಸೆಕೆಂಡ್ ಇದ್ದರೆ ಗೇರ್. ಜಾಸ್ತಿ ಇದ್ದರೆ ನ್ಯೂಟ್ರಲ್. ಕಾಲಿಗೂ ವಿಶ್ರಾಂತಿ, ಕ್ಲಚ್ಚಿನ ಬೇರಿಂಗಿಗೂ. ಓಡುವಾಗ ಎಡಗಾಲು ಕ್ಲಚ್ ಮೇಲೆ ಇಟ್ಟುಕೊಳ್ಳೋದು ಬೇಡ, ಪಕ್ಕದಲ್ಲಿ ನೆಲಕ್ಕೆ ಇಡಿ.

ರಾಯಚೂರಬಿಸಿಲು (ಮೂರು ವಾರದ ನಂತರ)

ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ. ಇವತ್ತು ಅಪ್ಪ ಅಮ್ಮನನ್ನು ಕೂರಿಸಿಕೊಂಡು ಉಜಿರೆಯಿಂದ ಚಾರ್ಮಾಡಿ ಹತ್ತಿದೆ. ಒಂದು ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಹತ್ತುವ ಗಾಡಿಗೆ ದಾರಿ ಬಿಡಬೇಕು ಅನ್ನುವ ನಿಯಮ ಲಾರಿಯವರಿಗೆ ಗೊತ್ತಿತ್ತು, ನಿಂತು ಕೈ ತೋರಿಸಿದರು. ನಾನು ಅಷ್ಟು ಹೊತ್ತಿಗೆ ನಿಂತೇ ಬಿಟ್ಟಿದ್ದೆ. ಹ್ಯಾಂಡ್ ಬ್ರೇಕ್, ಒಂದನೇ ಗೇರ್, ದನಿ, ಬಾನೆಟ್. ಅಪ್ಪನಿಗೆ ನಿಂತಿದ್ದೂ ಗೊತ್ತಾಗಲಿಲ್ಲ, ಹೊರಟಿದ್ದೂ ಗೊತ್ತಾಗಲಿಲ್ಲ, ನಿದ್ದೆ ಮಾಡುತ್ತಿದ್ದರು. ಈಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ ಬರೆಯುತ್ತಿದ್ದೇನೆ.

ಶಿರಾಡಿ_ನಿವೃತ್ತ (ಸ್ವಲ್ಪ ಹೊತ್ತಿನ ನಂತರ)

ಸಂತೋಷ ತಂಗೀ. ಇನ್ನೂ ಇಳಿಯುವುದಿದೆ. ಎರಡನೇ ಗೇರ್. ಉಜಿರೆ ಮುಟ್ಟಿದ ಮೇಲೆ ಒಂದು ಮೆಸೇಜ್ ಹಾಕು, ಮೊಮ್ಮಗ ಮಲಗಿದ್ದರೂ ಎಬ್ಬಿಸಿ ಓದಿಸುತ್ತೇನೆ.